ಎರಡು ಸಾವಿರ ಇಮೇಲ್, ಅದರಲ್ಲಿ ಸರಿಯಾದವು ಎಷ್ಟು?

ಪ್ರಶ್ನೆ: ನಮ್ಮದು ಸೀರೆ ಅಂಗಡಿ. ಗಿರಾಕಿಗಳು ಬರೆದುಕೊಟ್ಟ ಸುಮಾರು 2,000 ಇಮೇಲ್ ವಿಳಾಸ ಗೂಗಲ್ ಶೀಟ್ಸ್‌ನಲ್ಲಿವೆ. ಕಳೆದ ದೀಪಾವಳಿಗೆ ಆಫರ್ ಕಳಿಸಿದಾಗ ರಾಶಿ ಮೇಲ್ ವಾಪಸ್ ಬಂದವು. ಮೊದಲೇ ಪರೀಕ್ಷಿಸೋದು ಹೇಗೆ?

ಉತ್ತರ: ಮೊದಲು ಶೀಟ್ ಗುಡಿಸಿ. ಡೇಟಾ ಮೆನುವಿನ ಕ್ಲೀನಪ್‌ನಲ್ಲಿ ಹೆಚ್ಚುವರಿ ಸ್ಪೇಸ್ ಮತ್ತು ಡೂಪ್ಲಿಕೇಟ್ ಎರಡನ್ನೂ ತೆಗೆಯಬಹುದು. ಆಮೇಲೆ ಪಕ್ಕದ ಕಾಲಂನಲ್ಲಿ ಈಸ್‌ಇಮೇಲ್ (ISEMAIL) ಫಾರ್ಮುಲಾ ಹಾಕಿ. ವಿಳಾಸದ ರೂಪ ತಪ್ಪಿದ್ದರೆ ಫಾಲ್ಸ್ ಅನ್ನುತ್ತದೆ. ಆದರೆ ಇದನ್ನೇ ನಂಬಿ ಕೂರಬೇಡಿ. 'ಜಿಮೇಲ್' ಬದಲು ಯಾರೋ ಅವಸರದಲ್ಲಿ 'ಜಿಮಿಯಲ್ ಡಾಟ್ ಕಾಮ್' ಅಂತ ಬರೆದಿದ್ದರೆ ರೂಪ ಸರಿಯೇ ಇದೆಯಲ್ಲ, ಅದು ಆರಾಮಾಗಿ ಟ್ರೂ ಅಂದುಬಿಡುತ್ತದೆ! @ ಗುರುತಿನ ನಂತರದ ಭಾಗವನ್ನು ಬೇರೆ ಕಾಲಂಗೆ ಒಡೆದು ಸಾರ್ಟ್ ಮಾಡಿದರೆ ಇಂಥವು ಸಾಲಾಗಿ ಕಣ್ಣಿಗೆ ಬೀಳುತ್ತವೆ, ಹತ್ತು ನಿಮಿಷದ ಕೆಲಸ.

ಆ ವಿಳಾಸದ ಅಂಚೆಪೆಟ್ಟಿಗೆ ನಿಜಕ್ಕೂ ಇದೆಯಾ ಅನ್ನೋದು ಬೇರೆ ಮಾತು. ಅದಕ್ಕೆ ವೆರಿಫಿಕೇಶನ್ ಆಡ್-ಆನ್‌ಗಳಿವೆ, ಅಂದರೆ ಶೀಟ್ಸ್‌ಗೆ ಸೇರಿಸಿಕೊಳ್ಳುವ ಪುಟ್ಟ ಸಾಫ್ಟ್‌ವೇರ್‌ಗಳು. ಮೇಲ್ ಕಳಿಸದೆಯೇ ಎದುರಿನ ಸರ್ವರನ್ನು ಕೇಳಿ ನೋಡುತ್ತವೆ. ಕೆಲವು ಕಂಪನಿಗಳ ಸರ್ವರ್ ಯಾವ ಹೆಸರು ಕೇಳಿದರೂ 'ಇದೆ' ಅನ್ನುತ್ತದೆ, ಹಾಗಾಗಿ ಅಲ್ಲಿ ಗ್ಯಾರಂಟಿ ಇಲ್ಲ. ಪುಕ್ಕಟೆ ಅಂತ ಸಿಕ್ಕ ಆಡ್-ಆನ್‌ಗೆಲ್ಲ ಗಿರಾಕಿಗಳ ಪಟ್ಟಿ ಕೊಡಬೇಡಿ, ಅದು ಅವರು ನಿಮ್ಮನ್ನು ನಂಬಿ ಕೊಟ್ಟಿದ್ದು.

ಇನ್ನೊಂದು, ಉಚಿತ ಜಿಮೇಲ್‌ನಲ್ಲಿ ದಿನಕ್ಕೆ 500 ಜನರಿಗಿಂತ ಜಾಸ್ತಿ ಕಳಿಸಲಾಗದು. ಹಳೆಯ ವಿಳಾಸಗಳನ್ನು ಕೊನೆಗಿಟ್ಟು, ಈ ವರ್ಷ ಬಂದವರಿಗೆ ಮೊದಲು ಕಳಿಸಿ, ವಾಪಸ್ ಬಂದದ್ದನ್ನು ಅವತ್ತೇ ಶೀಟ್‌ನಿಂದ ಅಳಿಸಿ.