ಟ್ರಿಗರ್ ಸ್ಕ್ರೂಗೆ ನೀಲಿ ಲಾಕ್‌ಟೈಟ್ ಬೇಡ

ಪ್ರಶ್ನೆ: ನನ್ನ ಎಲೆಕ್ಟ್ರಾನಿಕ್ ಪೇಂಟ್‌ಬಾಲ್ ಮಾರ್ಕರ್‌ನ (ಬಣ್ಣದ ಗುಂಡು ಹಾರಿಸುವ ಆಟದ ಗನ್) ಟ್ರಿಗರ್ ಅಡ್ಜಸ್ಟ್ ಸ್ಕ್ರೂಗಳು ಎರಡು ಆಟ ಮುಗಿಯುವಷ್ಟರಲ್ಲಿ ತಿರುಗಿಬಿಡುತ್ತವೆ. ಬೈಕ್ ಮೆಕ್ಯಾನಿಕ್ ಹತ್ತಿರ ನೀಲಿ ಲಾಕ್‌ಟೈಟ್ (ಸ್ಕ್ರೂ ಸಡಿಲವಾಗದಂತೆ ಥ್ರೆಡ್ಡಿಗೆ ಹಚ್ಚುವ ಅಂಟು) ಇದೆ. ಹಾಕಬಹುದೇ? (ಬನಶಂಕರಿಯ ಓದುಗರು)

ಬೇಡ. ಈ ಪ್ರಶ್ನೆಗೆ ಎಷ್ಟು ಸಲ ‘ಬೇಡ’ ಅಂದರೂ ‘ನೀಲಿ ಸಾಕಲ್ವಾ ಸಾರ್’ ಎಂದು ಮತ್ತೆ ಬರುತ್ತಲೇ ಇದೆ. ಹಾಗಾಗಿ ಈ ಸಲ ಕಾರಣವನ್ನೂ ಹೇಳಿಬಿಡುತ್ತೇನೆ.

ಬೈಕಿನ ಬೋಲ್ಟ್ ಬಿಗಿದಾಗ ಅದರ ತಲೆ ಕೆಳಗೆ ಕೂತು ಎಳೆತ ಹುಟ್ಟುತ್ತದೆ. ಬೋಲ್ಟನ್ನು ಹಿಡಿದಿರುವುದು ಆ ಎಳೆತ, ಅಂಟು ಬರೀ ಕಾವಲಿಗೆ. ನಿಮ್ಮ ಗ್ರಬ್ ಸ್ಕ್ರೂಗೆ ತಲೆಯೂ ಇಲ್ಲ, ಬಿಗಿಯಾಗಿ ಕೂರುವ ತಳವೂ ಇಲ್ಲ. ಥ್ರೆಡ್ಡಿನ ನಡುವೆ ಸಡಿಲವಾಗಿ ನಿಂತಿರುವ ಅದನ್ನು ಪ್ರತಿ ಹೊಡೆತದ ಅದುರಾಟ ಚೂರುಚೂರೇ ತಿರುಗಿಸುತ್ತದೆ. ತಡೆಯಲು ಸಣ್ಣ ಹಿಡಿತ ಸಾಕು. ಅದಕ್ಕೆಂದೇ ಇರುವುದು ನೇರಳೆ ಬಣ್ಣದ ಲಾಕ್‌ಟೈಟ್ 222. ನೀಲಿ 243 ಮಧ್ಯಮ ಬಲದ್ದು, 6 ಮಿ.ಮೀ.ಗಿಂತ ದಪ್ಪ ಬೋಲ್ಟುಗಳಿಗೆ ಸರಿ. 3 ಮಿ.ಮೀ. ಸ್ಕ್ರೂಗೆ ಹಾಕಿದರೆ ಮುಂದೊಮ್ಮೆ ಬಿಚ್ಚುವಾಗ ಅಂಟು ಸೋಲುವ ಮೊದಲೇ ಆಲನ್ ಕೀ ಕೂರುವ ಗುಳಿಯ ಮೂಲೆಗಳು ಸವೆದು ಸ್ಲಿಪ್ ಆಗುತ್ತವೆ. ಅದರ ಮೇಲೆ ಇಂಚು-ಮಿಲಿಮೀಟರ್ ಗೊಂದಲ ಬೇರೆ: 1/16 ಇಂಚು ಎಂದರೆ 1.59 ಮಿ.ಮೀ. ಆ ಗುಳಿಗೆ 1.5 ಮಿ.ಮೀ. ಕೀ ತುರುಕಿ ಕೆಡಿಸಿಕೊಂಡವರೇ ಹೆಚ್ಚು.

ಜೆ.ಸಿ. ರಸ್ತೆಯಲ್ಲಿ ಬರೀ ‘ಲಾಕ್‌ಟೈಟ್ ಕೊಡಿ’ ಅನ್ನಬೇಡಿ, ನಂಬರ್ ಹೇಳಿ ಕೇಳಿ. ಬಣ್ಣ ನಂಬಿ ಕೊಂಡರೂ ಕೆಟ್ಟಿರಿ. ಹಸಿರು 270 ಭಾರೀ ಬಲದ್ದು, ಹಸಿರು 290 ಕೂಡಿಸಿದ ಸ್ಕ್ರೂವಿನ ಸಂದಿಗೆ ತಾನೇ ಇಳಿಯುವಂಥದ್ದು. ‘ಬಿಚ್ಚದೆ ಮೇಲಿಂದ ಒಂದು ಹನಿ ಬಿಟ್ಟರಾಯ್ತು’ ಎಂದು 290 ಹಾಕಿದರೆ ಅದು ಟ್ರಿಗರ್ ಒತ್ತುವ ಮೈಕ್ರೋಸ್ವಿಚ್ಚಿನವರೆಗೂ ಹರಿಯುತ್ತದೆ. ಇನ್ನು, ಬಾಟಲಿ ಅರ್ಧವೇ ತುಂಬಿದೆಯೆಂದು ಅಂಗಡಿಯವರ ಜತೆ ಜಗಳ ಬೇಡ. ಇದು ಗಾಳಿ ಸಿಗದ ಕಡೆ, ಲೋಹದ ಸಂಪರ್ಕದಲ್ಲಿ ಗಟ್ಟಿಯಾಗುವ ದ್ರವ. ದ್ರವವಾಗಿಯೇ ಉಳಿಯಲು ಬಾಟಲಿಯಲ್ಲಿ ಗಾಳಿ ಇರಲೇಬೇಕು.

ಟ್ಯಾಂಕ್ ಬಿಚ್ಚಿ ಒಳಗುಳಿದ ಗಾಳಿ ಬಿಡುವುದನ್ನೆಲ್ಲ ಹೇಳಿಕೊಡಬೇಕಾಗಿಲ್ಲ ಅಂದುಕೊಂಡಿದ್ದೇನೆ. ಮೊದಲು ಅಂಟಿಲ್ಲದೆ ನಿಮಗೆ ಬೇಕಾದ ಟ್ರಿಗರ್ ಎಳೆತ ಹೊಂದಿಸಿ. ಆಮೇಲೆ ಒಂದೇ ಸ್ಕ್ರೂವನ್ನು ಸುತ್ತು ಎಣಿಸುತ್ತ ಹೊರತೆಗೆಯಿರಿ, ಕಾಲು ಸುತ್ತನ್ನೂ ಬಿಡದೆ ಬರೆದುಕೊಳ್ಳಿ. ಮಿಕ್ಕವನ್ನು ಮುಟ್ಟಬೇಡಿ, ಎಲ್ಲವನ್ನೂ ಒಟ್ಟಿಗೆ ತೆಗೆದರೆ ಹೊಂದಾಣಿಕೆಯ ಗುರುತೇ ಹೋಗುತ್ತದೆ. ಸ್ಕ್ರೂವನ್ನೂ ತೂತನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಒಣಗಲು ಬಿಡಿ. ಮಾರ್ಕರ್ ಗ್ರೀಸ್ ಉಳಿದರೆ ಅಂಟು ಹಿಡಿಯುವುದಿಲ್ಲ. ಬಾಟಲಿಯಿಂದ ನೇರ ಹನಿಸಬೇಡಿ. ಹಲ್ಲುಕಡ್ಡಿಯ ತುದಿಗೆ ಅಂಟಿದಷ್ಟನ್ನು ಸ್ಕ್ರೂವಿನ ನಡುವಿನ ಎರಡು ಮೂರು ಥ್ರೆಡ್ಡಿಗೆ ಸವರಿ, ತುದಿ ಒಣಗಿರಲಿ. ಎಣಿಸಿದಷ್ಟೇ ಸುತ್ತು ಒಳಗೆ ತಿರುಗಿಸಿ, ತಿದ್ದುವುದಿದ್ದರೆ ಐದು ನಿಮಿಷದೊಳಗೆ ತಿದ್ದಿ, ಆಮೇಲೆ ಕೈ ತೆಗೆಯಿರಿ. ಅರ್ಧ ಗಟ್ಟಿಯಾದದ್ದನ್ನು ‘ಇನ್ನೊಂಚೂರು’ ಎಂದು ತಿರುಗಿಸಿದರೆ ಹಿಡಿತ ಮುರಿದು ಪುಡಿಯಾಗುತ್ತದೆ. ಆಗ ತೆಗೆದು, ಪುಡಿ ಉಜ್ಜಿ ಮೊದಲಿನಿಂದ ಶುರುಮಾಡಬೇಕು.

ಪೂರ್ತಿ ಗಟ್ಟಿಯಾಗಲು 24 ಗಂಟೆ ಎನ್ನುವುದು ಸುಮಾರು 22 ಡಿಗ್ರಿ ಉಷ್ಣತೆಯ ಲೆಕ್ಕ, ಬೆಂಗಳೂರಿನ ಹವೆಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಆನೊಡೈಸ್ ಮಾಡಿದ ಅಲ್ಯೂಮಿನಿಯಂ ಫ್ರೇಮಿನಲ್ಲಿ ಸ್ಟೇನ್‌ಲೆಸ್ ಸ್ಕ್ರೂ ಇದ್ದರೆ ನಿಧಾನ, ಎರಡು ದಿನ ಬಿಡಿ. ಭಾನುವಾರದ ಆಟಕ್ಕೆ ಶನಿವಾರ ರಾತ್ರಿ ಅಂಟು ಹಚ್ಚುವವರಿಗೆ ನನ್ನ ಬಳಿ ಮದ್ದಿಲ್ಲ. ಕೊನೆಗೆ ಬ್ಯಾರೆಲ್ ಕವರ್ ಹಾಕಿ, ಪೇಂಟ್ ತುಂಬದೆ, ಗಾಳಿ ಕೊಟ್ಟು ಹಿಡಿಯನ್ನು ಅಂಗೈಯಿಂದ ಬಡಿದು ನೋಡಿ. ತಾನಾಗಿ ಹಾರಿದರೆ ಟ್ರಿಗರ್ ಎಳೆತ ತೀರಾ ಕಡಿಮೆಯಾಗಿದೆ ಎಂದರ್ಥ. ಅಂಥ ಮಾರ್ಕರ್ ಮೈದಾನಕ್ಕೆ ತರಬೇಡಿ.

ಪ್ರಶ್ನೆ: ಫೆವಿಕ್ವಿಕ್ ಹಾಕಿದರೆ?

ಅದರ ಆವಿ ಬ್ರೀಚಿನ ಕಣ್ಣುಗಳ (ಗುಂಡು ಬಂದು ಕೂತಿತೇ ಎಂದು ನೋಡುವ ಸೆನ್ಸರ್‌ಗಳು) ಮೇಲೆ ಬಿಳಿ ಪೊರೆ ಕಟ್ಟಬಲ್ಲದು, ಅಂಟೂ ಅದುರಾಟಕ್ಕೆ ಒಡೆಯುತ್ತದೆ. ಇದನ್ನು ಕಲಿಸಿಕೊಟ್ಟ ‘ಎಕ್ಸ್‌ಪರ್ಟ್’ ಹತ್ತಿರವೇ ರಿಪೇರಿ ಮಾಡಿಸಿ.

ಪ್ರಶ್ನೆ: ಪ್ಲಾಸ್ಟಿಕ್ ಫ್ರೇಮಿಗೆ 222 ಆಗುತ್ತದೆಯೇ?

ಇಲ್ಲ. ಪಾಲಿಕಾರ್ಬೊನೇಟ್, ಎಬಿಎಸ್ ಸೀಳುತ್ತವೆ. ಸೀಳದ ಪ್ಲಾಸ್ಟಿಕ್ಕಿನಲ್ಲೂ ಲೋಹದ ಸಂಪರ್ಕ ಸಾಲದೆ ಅಂಟು ಸರಿಯಾಗಿ ಗಟ್ಟಿಯಾಗದು. ಸ್ಕ್ರೂಗೆ ಹಚ್ಚಿ ಪೂರ್ತಿ ಒಣಗಿಸಿದ ಮೇಲೆ ಕೂಡಿಸುವ ವೈಬ್ರಾ-ಟೈಟ್ ವಿಸಿ-3 ಸಿಕ್ಕರೆ ತನ್ನಿ. ಪದೇ ಪದೇ ಅಡ್ಜಸ್ಟ್ ಮಾಡುವವರಿಗೆ ಲೋಹದಲ್ಲೂ ಅದೇ ಮೇಲು.

ಪ್ರಶ್ನೆ: ವೆಲಾಸಿಟಿ ಸ್ಕ್ರೂಗೂ ಹಚ್ಚಲೇ?

ಖಂಡಿತ ಬೇಡ. ಪ್ರತಿ ಆಟದ ದಿನ ಕ್ರೊನೊಗ್ರಾಫ್ (ವೇಗ ಅಳೆಯುವ ಯಂತ್ರ) ಮುಂದೆ ತಿರುಗಿಸಿ ಗುಂಡಿನ ವೇಗವನ್ನು ಸೆಕೆಂಡಿಗೆ 300 ಅಡಿಯೊಳಗೆ, ಮೈದಾನದವರು 280 ಅಂದರೆ ಅದರೊಳಗೆ, ತರಬೇಕಾದ ಸ್ಕ್ರೂ ಅದು. ಟ್ಯಾಂಕಿನ ಗಾಳಿಯ ಒತ್ತಡ ನಿಯಂತ್ರಿಸುವ ರೆಗ್ಯುಲೇಟರ್ ಬಗ್ಗೆಯಂತೂ ಕೇಳಲೇಬೇಡಿ.

ಪ್ರಶ್ನೆ: ಭಾರೀ ಬಲದ ಕೆಂಪು ಲಾಕ್‌ಟೈಟ್ ಹಾಕಿಬಿಟ್ಟಿದ್ದೇನೆ, ಸ್ಕ್ರೂ ಅಲುಗುತ್ತಿಲ್ಲ.

ಫ್ರೇಮ್ ಬೇರ್ಪಡಿಸಿ ಬ್ಯಾಟರಿ, ಬೋರ್ಡ್, ಸ್ವಿಚ್, ಓ-ರಿಂಗ್ ಎಲ್ಲ ತೆಗೆಯಿರಿ. ಸೋಲ್ಡರಿಂಗ್ ಐರನ್ ತುದಿಯನ್ನು ಸ್ಕ್ರೂವಿನ ಗುಳಿಗೆ ಒತ್ತಿಹಿಡಿಯಿರಿ. ಅಂಟು ಮೆತ್ತಗಾಗಲು ಸುಮಾರು 250 ಡಿಗ್ರಿ ಬೇಕು, ಅಲ್ಯೂಮಿನಿಯಂ ಬಿಸಿಯನ್ನು ಎಳೆದುಕೊಳ್ಳುವುದರಿಂದ ತಾಳ್ಮೆಯೂ ಬೇಕು. ಬಿಸಿ ಇರುವಾಗಲೇ, ಸವೆಯದ ಸರಿಯಾದ ಅಳತೆಯ ಕೀಯಿಂದ ತಿರುಗಿಸಿ. ಗುಳಿ ಆಗಲೇ ಸವೆದಿದ್ದರೆ ಮನೆಯಲ್ಲಿ ಡ್ರಿಲ್ ಹಿಡಿಯಬೇಡಿ, ಫ್ರೇಮನ್ನು ಪೀಣ್ಯದ ಯಾವುದಾದರೂ ಮಿಲ್ಲಿಂಗ್ ವರ್ಕ್‌ಶಾಪಿಗೆ ಒಯ್ಯಿರಿ.