2050ರ ಬಿಸಿಲಿಗೆ ಈಗಲೇ ಲೆಕ್ಕ ಹಾಕುವುದು ಹೇಗೆ?

ಪ್ರಶ್ನೆ: ಮೇಡಂ, 2050ರ ಹೊತ್ತಿಗೆ ಬಿಸಿಗಾಳಿಗೆ ಇಷ್ಟು ಜನ ಸಾಯ್ತಾರೆ ಅಂತ ಪೇಪರಿನಲ್ಲಿ ಓದುತ್ತೇವೆ. ನಾಳೆ ಮಳೆ ಬರುತ್ತೋ ಇಲ್ಲವೋ ಅನ್ನುವುದೇ ಎಷ್ಟೋ ಸಲ ತಪ್ಪುತ್ತದೆ. ಇದನ್ನು ನಂಬಬಹುದಾ? ನಮ್ಮದು ತಗಡಿನ ಮನೆ. ಅಪ್ಪನಿಗೆ ಎಪ್ಪತ್ತು ದಾಟಿದೆ, ಬಿಪಿ ಮಾತ್ರೆ ತಗೋತಾರೆ.
(ಓದುಗರೊಬ್ಬರು, ಸಿಂಧನೂರು)

ಉತ್ತರ: ನಂಬಬಹುದು. ಮುಂದೆ ಯಾವ ದಿನ ಬಿಸಿಲು ಕೆಂಡ ಕಾರುತ್ತದೆ ಅಂತ ಯಾರೂ ಹೇಳುತ್ತಿಲ್ಲ. ಅಂಥ ದಿನಗಳು ಎಷ್ಟು ಜಾಸ್ತಿಯಾಗುತ್ತವೆ ಅಂತ ಹೇಳುತ್ತಾರೆ, ಅಷ್ಟೇ. ಹಿಂದೆ 50 ವರ್ಷಕ್ಕೊಮ್ಮೆ ಬರುತ್ತಿದ್ದಂಥ ಬಿಸಿಲು, ಭೂಮಿ 1850-1900ರ ಕಾಲಕ್ಕಿಂತ 2 ಡಿಗ್ರಿ ಬಿಸಿಯಾದರೆ ಅಷ್ಟೇ ಅವಧಿಯಲ್ಲಿ ಸುಮಾರು 14 ಸಲ ಬರುತ್ತದೆ ಎಂದು ಐಪಿಸಿಸಿಯ (ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ತಜ್ಞರ ಸಮಿತಿ) 2021ರ ವರದಿ ಹೇಳುತ್ತದೆ.

ಸಾವಿನ ಲೆಕ್ಕ ಶುರುವಾಗುವುದು ಹಳೇ ದಾಖಲೆಗಳಿಂದ. ಒಂದು ಊರಿನಲ್ಲಿ ದಿನಾ ಎಷ್ಟು ಜನ ತೀರಿಕೊಂಡರು, ಅವತ್ತು ಎಷ್ಟು ಡಿಗ್ರಿ ಇತ್ತು ಅಂತ ಪಕ್ಕಪಕ್ಕ ಇಟ್ಟು ನೋಡುತ್ತಾರೆ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ 46.8 ಡಿಗ್ರಿ ಮುಟ್ಟಿತ್ತು. ಹಿಂದಿನ ಮತ್ತು ಮುಂದಿನ ವರ್ಷದ ಅದೇ ತಿಂಗಳಿಗೆ ಹೋಲಿಸಿದಾಗ 1,344 ಸಾವು ಹೆಚ್ಚಿಗೆ ಕಂಡವು. ಹೀಗೆ ಎಷ್ಟು ಡಿಗ್ರಿಗೆ ಸಾವು ಎಷ್ಟು ಏರುತ್ತದೆ ಅನ್ನುವ ಒಂದು ಗೆರೆ ಸಿಗುತ್ತದೆ. ಮುಂದಿನ ಹವಾಮಾನದ ಅಂದಾಜು, ಜನಸಂಖ್ಯೆ, ವಯಸ್ಸಾದವರ ಪ್ರಮಾಣ, ಎಲ್ಲವನ್ನೂ ಆ ಗೆರೆಗೆ ಸೇರಿಸಿ ಲೆಕ್ಕ ಹಾಕುತ್ತಾರೆ.

ಇಷ್ಟು ಸುತ್ತುಬಳಸಿ ಯಾಕೆ, ಬಿಸಿಲಿಗೆ ಸತ್ತವರನ್ನೇ ಎಣಿಸಬಾರದಾ ಅಂತ ನೀವು ಕೇಳಬಹುದು. ನಾನು ಕಲಬುರಗಿ, ರಾಯಚೂರು ಕಡೆ ದುಡಿದ ಡಾಕ್ಟರು. ಮಧ್ಯಾಹ್ನ ಹೊಲದಲ್ಲಿ ಕುಸಿದು ಬಿದ್ದ ಕೂಲಿಯಾಳನ್ನು ಟಂಟಂನಲ್ಲಿ ಹಾಕಿಕೊಂಡು ತರುತ್ತಾರೆ. ಮೈ ಮುಟ್ಟಿದರೆ ಕೈ ಸುಡುತ್ತದೆ. ಆದರೂ ಕೊನೆಗೆ ಕಾಗದದಲ್ಲಿ ಬೀಳುವುದು ‘ಹೃದಯಾಘಾತ’ ಅಂತಲೇ. ಎಷ್ಟೋ ಜನ ಮನೆಯಲ್ಲೇ ಹೋಗಿಬಿಡುತ್ತಾರೆ, ಅವರಿಗೆ ಡಾಕ್ಟರ ಕಾಗದವೂ ಇರುವುದಿಲ್ಲ. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ತಾಲ್ಲೂಕು ಮಟ್ಟದಲ್ಲಿ ಸಾವು ಸರಿಯಾಗಿ ದಾಖಲಾಗದಿದ್ದರೆ ನಾಳಿನ ಅಂದಾಜಿನಲ್ಲೂ ಈ ಜನ ಇರುವುದಿಲ್ಲ.

ಇನ್ನೊಂದು ಮಾತು. ನಾವು ಏನೂ ಮಾಡದೆ ಕೂತರೆ ಎಷ್ಟು, ಮಾಡಿದರೆ ಎಷ್ಟು ಅಂತ ಬೇರೆ ಬೇರೆ ಲೆಕ್ಕ ಇರುತ್ತದೆ. ಅಹಮದಾಬಾದಿನವರು 2013ರಲ್ಲಿ ಬಿಸಿಲಿಗೆಂದೇ ಒಂದು ಯೋಜನೆ ಮಾಡಿಕೊಂಡರು. ಮುಂಚೆಯೇ ಎಚ್ಚರಿಕೆ ಕೊಡುವುದು, ಆಸ್ಪತ್ರೆ ಸಿಬ್ಬಂದಿಗೆ ತರಬೇತಿ, ಚಾವಣಿಗೆ ಬಿಳಿ ಬಣ್ಣ, ಇಂಥವೇ. ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡು ಮೇಲಿನ ಮಹಡಿಯಲ್ಲಿ, ಕಾದ ಚಾವಣಿಯ ಕೆಳಗೇ ಇತ್ತು. ಅದನ್ನು ಕೆಳಗಿಳಿಸಿದ ಮೇಲೆ ಬಿಸಿಲಿಗೆ ಬಳಲುವ ಹಸುಗೂಸುಗಳು ಕಡಿಮೆಯಾದವು. ನಮ್ಮ ಸರ್ಕಾರಿ ಕಚೇರಿಗಳ ಸಮಯವನ್ನು ಬೇಸಿಗೆಯಲ್ಲಿ ಬೆಳಗ್ಗೆ 8ಕ್ಕೆ ಬದಲಿಸುತ್ತಾರಲ್ವಾ? ಕೂಲಿಯವರಿಗೂ ಅದು ಸಿಗಬೇಕು.

ಈಗ ನಿಮ್ಮ ಅಪ್ಪನ ವಿಷಯ. ತಗಡಿಗೆ ಮೇಲಿನಿಂದ ಬಿಳಿ ಬಣ್ಣ ಹೊಡೆಸಿ. ರಾತ್ರಿಯೂ ಸೆಕೆ ಇಳಿಯದಿದ್ದರೆ ಮೈಗೆ ಸುಧಾರಿಸಿಕೊಳ್ಳಲು ಬಿಡುವೇ ಸಿಗುವುದಿಲ್ಲ, ಹೊರಗೆ ಗಾಳಿಗೆ ಮಲಗಿಸಿ. ಬಿಪಿ ಮಾತ್ರೆಗಳಲ್ಲಿ ಕೆಲವು ಮೂತ್ರ ಜಾಸ್ತಿ ಮಾಡಿಸಿ ನೀರಿನಂಶ ಇಳಿಸುತ್ತವೆ. ಹಾಗಂತ ನೀವೇ ನಿಲ್ಲಿಸಬೇಡಿ, ಮಾರ್ಚಿನಲ್ಲೇ ಚೀಟಿ ತಗೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಮೈ ಸುಡುತ್ತಾ ಮಾತು ತೊದಲಿದರೆ, ಏನೇನೋ ಬಡಬಡಿಸಿದರೆ 108ಕ್ಕೆ ಫೋನ್ ಮಾಡಿ. ಗಾಡಿ ಬರುವ ತನಕ ಕಾಯಬೇಡಿ, ನೆರಳಿಗೆ ತಂದು ಮೈಗೆಲ್ಲಾ ತಣ್ಣೀರು ಸುರಿದು ಗಾಳಿ ಹಾಕಿ.

ಪ್ರಶ್ನೆ: ಮಂಗಳೂರಿನಲ್ಲಿ 36 ಡಿಗ್ರಿಗೇ ಯಾಕೆ ಇಷ್ಟು ಸುಸ್ತು?

ಉತ್ತರ: ನಿಮ್ಮಲ್ಲಿ ಗಾಳಿಯಲ್ಲೇ ತೇವ ಜಾಸ್ತಿ, ಬೆವರು ಬರುತ್ತದೆ, ಆರುವುದಿಲ್ಲ. ಬೆವರು ಆರಿದರೇ ಮೈ ತಂಪು. ಅದಕ್ಕೇ ಹವಾಮಾನ ಇಲಾಖೆ ಬಿಸಿಗಾಳಿ ಎನ್ನಲು ಬಯಲುಸೀಮೆಗೆ 40 ಡಿಗ್ರಿ ಇಟ್ಟರೆ ಕರಾವಳಿಗೆ 37 ಇಟ್ಟಿದೆ. ಅಹಮದಾಬಾದಿನ ಗೆರೆ ನಿಮ್ಮೂರಿಗೆ ಹೊಂದುವುದಿಲ್ಲ, ಕರಾವಳಿಗೆ ಅದರದ್ದೇ ಲೆಕ್ಕ ಬೇಕು.