ಪರದೇಶದ ಮನೆವಾರ್ತೆ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಪ್ರಶ್ನೆ: ಸ್ಟುಟ್‌ಗಾರ್ಟಿಗೆ ಬಂದು ವರ್ಷವಾಯಿತು. ಜರ್ಮನ್ ಎ2, ಅಂದರೆ ಎರಡನೆಯ ಹಂತದ ಪರೀಕ್ಷೆ ಪಾಸು ಮಾಡಿದ್ದೇನೆ. ಆದರೂ ಕೆಳಗಿನ ಮನೆಯ ಅಜ್ಜಿ ಮಾತಾಡಿದರೆ ಒಂದಕ್ಷರವೂ ತಿಳಿಯುವುದಿಲ್ಲ. ಮೊನ್ನೆ ನಮ್ಮ ಬಾಗಿಲಿಗೆ ಒಂದು ಹಲಗೆ ತೂಗುಹಾಕಿ, ಮೆಟ್ಟಿಲು ತೋರಿಸಿ ಜೋರಾಗಿ ಏನೋ ಹೇಳಿದರು. ಈಗ ಅವರ ಕಾಲಸಪ್ಪಳ ಕೇಳಿದರೆ ನಾನು ಮನೆಯಿಂದ ಹೊರಗೆ ಬರುವುದಿಲ್ಲ.
ಗೃಹಿಣಿ, ಸ್ಟುಟ್‌ಗಾರ್ಟ್

ಉತ್ತರ: ತಂಗೀ, ಆ ಹಲಗೆಯ ಮೇಲೆ ‘ಕೇರ್‌ವೋಖೆ’ ಎಂದು ಬರೆದಿರುತ್ತದೆ. ಈ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ನಿಮ್ಮದು, ಅಷ್ಟೇ. ನಿಮ್ಮ ಸ್ಟುಟ್‌ಗಾರ್ಟ್ ಇರುವ ಸ್ವಾಬಿಯಾ ಸೀಮೆಯ ಹಳೆಯ ಕಟ್ಟಳೆ ಇದು. ಬೇರೆ ಊರಿನ ಜರ್ಮನ್ನರು ಇದನ್ನು ಹೇಳಿಕೊಂಡು ನಗುತ್ತಾರೆ, ಸ್ಟುಟ್‌ಗಾರ್ಟಿನವರು ನಗುವುದಿಲ್ಲ. ನಿಮ್ಮ ಮಹಡಿಯ ಮೆಟ್ಟಿಲು ಚಿಕ್ಕ ಸರದಿ. ಹೆಬ್ಬಾಗಿಲು, ಮುಂದಿನ ಕಾಲುದಾರಿ, ಚಳಿಗಾಲವಾದರೆ ಹಿಮ ಎತ್ತುವುದು ದೊಡ್ಡ ಸರದಿ. ನಿಮ್ಮ ಪಾಲಿಗೆ ಯಾವುದೆಂದು ಬಾಡಿಗೆ ಕರಾರಿನ ಕಾಗದಗಳಲ್ಲಿ ಹುಡುಕಿ. ಕೆಲಸ ಮುಗಿದ ಮೇಲೆ ಹಲಗೆಯನ್ನು ಮುಂದಿನ ಸರದಿಯವರ ಬಾಗಿಲಿಗೆ ದಾಟಿಸಿಬಿಡಿ.

ಅಜ್ಜಿಯ ಮಾತು ತಿಳಿಯದ್ದು ನಿಮ್ಮ ದಡ್ಡತನವಲ್ಲ. ನೀವು ಕಲಿತದ್ದು ಪಠ್ಯದ ಜರ್ಮನ್, ಅವರಾಡುವುದು ಶ್ವೇಬಿಷ್, ಸ್ವಾಬಿಯಾದ ಆಡುನುಡಿ. ‘ಇದೆ’ ಎನ್ನುವ ‘ಇಸ್ಟ್’ ಅವರ ಬಾಯಲ್ಲಿ ‘ಇಶ್’ ಆಗುತ್ತದೆ, ‘ಅಲ್ಲ’ ಎನ್ನುವ ‘ನಿಷ್ಟ್’ ಹೋಗಿ ‘ನೆಟ್’ ಬರುತ್ತದೆ, ಕಂಡ ಕಂಡ ಹೆಸರಿನ ಬಾಲಕ್ಕೆ ‘ಲೆ’ ಅಂಟಿಕೊಳ್ಳುತ್ತದೆ. ಕನ್ನಡ ಪಠ್ಯಪುಸ್ತಕ ಬಾಯಿಪಾಠ ಮಾಡಿದವರನ್ನು ಕಲಬುರಗಿಯ ಸಂತೆಯಲ್ಲಿ ಬಿಟ್ಟಂತಾಗಿದೆ ನಿಮ್ಮ ಪಾಡು.

ಶನಿವಾರ ಬೆಳಗ್ಗೆ ಬಕೆಟ್ಟು, ಒರೆಸುವ ಬಟ್ಟೆ ಹಿಡಿದು ಮೆಟ್ಟಿಲಿಗೆ ಇಳಿಯಿರಿ. ಸದ್ದು ಕೇಳಿ ಅಜ್ಜಿ ಬಾಗಿಲು ತೆರೆದೇ ತೆರೆಯುತ್ತಾರೆ. “ಗ್ರ್ಯೂಸ್ ಗಾಟ್” ಎಂದು ನಮಸ್ಕಾರ ಹೇಳಿ, “ಇಸ್ಟ್ ಎಸ್ ಗೂಟ್ ಜೋ?” ಹೀಗಾದರೆ ಸರಿಯೇ, ಎಂದು ಕೇಳಿ. ಅವರು ಸರಿಯಿಲ್ಲ ಎನ್ನುತ್ತಾರೆ, ಅದು ಖಚಿತ. ಆದರೆ ಏನು ಸರಿಯಿಲ್ಲ ಎಂಬುದನ್ನು ಕೈಮಾಡಿ ತೋರಿಸುತ್ತಾರೆ. ನಮ್ಮ ಕಟ್ಟಡದಲ್ಲಿದ್ದ ಅಜ್ಜಿ ಕಂಬಿಯ ಕೆಳಗೆ ಬೆರಳು ಸವರಿ, ಆ ಧೂಳನ್ನು ನನ್ನ ಮುಖದ ಹತ್ತಿರ ಹಿಡಿಯುತ್ತಿದ್ದರು. ಕೆಳಗೆ, ಹಿಂದೆ, ನಡುವೆ, ಮೂಲೆ, ಒದ್ದೆ, ಒಣ ಇವೆಲ್ಲ ನನಗೆ ಬಂದದ್ದು ಆ ಬೆರಳಿನಿಂದ. ತರಗತಿಯಲ್ಲಿ ಇದೇ ಪದಗಳು ಪಟ್ಟಿಯಲ್ಲೇ ಉಳಿದಿದ್ದವು. ಮಾತು ವೇಗವಾದರೆ “ಬಿಟ್ಟೆ ಲಾಂಗ್‌ಸಾಮ್” ಎನ್ನಿ, ನಿಧಾನಿಸುತ್ತಾರೆ.

ಈ ಕೆಲಸವನ್ನು ಭಾನುವಾರಕ್ಕೆ ಇಟ್ಟುಕೊಳ್ಳಬೇಡಿ. ಅಂದು ಸದ್ದಿಲ್ಲದ ದಿನ. ಗಾಜಿನ ಬಾಟಲಿಗಳನ್ನು ಬೀದಿಯ ಡಬ್ಬಕ್ಕೆ ಹಾಕಿದರೂ ಆಕ್ಷೇಪ ಬರುತ್ತದೆ. ದೋಸೆಹಿಟ್ಟನ್ನೂ ಶನಿವಾರ ಹಗಲಿನಲ್ಲೇ ರುಬ್ಬಿಡಿ. ರಾತ್ರಿ ಹತ್ತರ ಮೇಲೆ ಮಿಕ್ಸಿ ತಿರುಗಿಸಿದರೆ ಅಜ್ಜಿ ಶ್ವೇಬಿಷ್ ಬಿಟ್ಟು ಶುದ್ಧ ಜರ್ಮನ್ನಿನಲ್ಲೇ ಬೈದಾರು.

ಪ್ರಶ್ನೆ: ಹಾಸನದ ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವಳು. ಇಂಗ್ಲಿಷೇ ಸರಿಯಾಗಿ ಬಾರದ ನನಗೆ ಜರ್ಮನ್ ಬಂದೀತೇ?
ಮ್ಯೂನಿಕ್‌ನಿಂದ ಒಬ್ಬ ಓದುಗರು

ಉತ್ತರ: ಇಂಗ್ಲಿಷಿನ ಚಿಂತೆ ಬಿಡಿ. ಹೊರದೇಶದಿಂದ ಬಂದವರಿಗೆಂದೇ ಇರುವ ಸರ್ಕಾರದ ಇಂಟಿಗ್ರೇಷನ್ ಕೋರ್ಸಿಗೆ ಸೇರಿಕೊಳ್ಳಲು ವಿಚಾರಿಸಿ. ಸಾಮಾನ್ಯ ಕೋರ್ಸಿನಲ್ಲಿ 600 ಪಾಠದ ಅವಧಿಗಳು ಭಾಷೆಗೆ, 100 ಅವಧಿಗಳು ದೇಶದ ಕಾನೂನು, ಇತಿಹಾಸ, ಸಮಾಜದ ಪರಿಚಯಕ್ಕೆ, ಗುರಿ ಬಿ1, ಅಂದರೆ ಭಾಷೆಯ ಮೂರನೆಯ ಹಂತ. ಅಲ್ಲಿ ಜರ್ಮನ್ ಕಲಿಸುವುದು ಜರ್ಮನ್ನಿನಲ್ಲೇ. ಪಕ್ಕದ ಕುರ್ಚಿಯ ಸಿರಿಯಾದವರಿಗೂ ಉಕ್ರೇನಿನವರಿಗೂ ಇಂಗ್ಲಿಷ್ ಬರಲೇಬೇಕೆಂದಿಲ್ಲ.

ಶಾಲೆಯಲ್ಲಿ ಬೈದುಕೊಂಡು ಕಲಿತ ವಿಭಕ್ತಿ ಪ್ರತ್ಯಯಗಳು ಈಗ ಕೆಲಸಕ್ಕೆ ಬರುತ್ತವೆ. ‘ನನಗೆ ಚಳಿ’ ಎನ್ನುವಲ್ಲಿ ನಾವು ಚತುರ್ಥಿ ಬಳಸುತ್ತೇವೆ, ಅವರೂ ‘ಮಿಯರ್ ಇಸ್ಟ್ ಕಾಲ್ಟ್’ ಎಂದು ಅದೇ ಜಾಡಿನಲ್ಲಿ ಹೇಳುತ್ತಾರೆ. ಇಂಗ್ಲಿಷ್ ಮೂಲಕ ಬಂದವರು ‘ನಾನು ಚಳಿ’ ಎಂಬಂತೆ ಹೇಳಿ ಎಡವುತ್ತಾರೆ. ಜರ್ಮನ್ನಿನಲ್ಲಿ ‘ಏಕೆಂದರೆ’, ‘ಆದಾಗ’ ಎಂಬಂಥ ಉಪವಾಕ್ಯಗಳಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತದೆ. ನಮಗೆ ಅದರಲ್ಲೇನು ಕಷ್ಟ? ನೀನು, ನೀವು ಎಂಬ ಭೇದವನ್ನಂತೂ ಹಾಸನದವರಿಗೆ ಹೇಳಿಕೊಡಬೇಕಾಗಿಲ್ಲ. (ಜರ್ಮನಿಯ ಕಿಟ್ಟೆಲ್ ಅವರು ನಮ್ಮ ನಾಡಿಗೆ ಬಂದು ಕನ್ನಡ ಕಲಿತು, 1894ರಲ್ಲಿ ನಿಘಂಟನ್ನೇ ಅಚ್ಚು ಹಾಕಿಸಿದರು. ನಿಮ್ಮಿಂದ ಯಾರೂ ಅಷ್ಟು ಕೇಳುತ್ತಿಲ್ಲ.)

ನಿಜವಾದ ತಲೆನೋವು ಲಿಂಗದ್ದು. ಊಟದ ಮೇಜಿನ ಮೇಲೆ ಚಮಚ ಪುಲ್ಲಿಂಗ, ಫೋರ್ಕು ಸ್ತ್ರೀಲಿಂಗ, ಚಾಕು ನಪುಂಸಕ. ಕಾರಣ ಹುಡುಕಬೇಡಿ, ಹೆಸರಿನ ಜೊತೆಗೇ ಬಾಯಿಪಾಠ ಮಾಡಿ. ಎರಡನೆಯದು ಗಂಟೆಯದು: ‘ಹಾಲ್ಪ್ ಡ್ರೈ’ (ಅಕ್ಷರಶಃ ‘ಅರ್ಧ ಮೂರು’) ಎಂದರೆ ಎರಡೂವರೆ, ಮೂರೂವರೆಯಲ್ಲ. ವೈದ್ಯರ ಬಳಿ ಸಮಯ ಪಡೆಯುವಾಗ ಚೀಟಿಯಲ್ಲಿ ಬರೆಸಿಕೊಂಡೇ ಹೊರಡಿ.

ಪ್ರಶ್ನೆ: ನಾಲ್ಕು ವರ್ಷದ ಮಗ ಕಿಂಡರ್‌ಗಾರ್ಟನ್‌ಗೆ ಹೋಗುತ್ತಾನೆ. ಈಗ ಎಲ್ಲದಕ್ಕೂ ಜರ್ಮನ್ನಿನಲ್ಲೇ ಉತ್ತರ, ಮೇಲಾಗಿ ನನ್ನ ಉಚ್ಚಾರ ತಿದ್ದುತ್ತಾನೆ. ಮನೆಯಲ್ಲೂ ಜರ್ಮನ್ನೇ ಆಡೋಣ ಎನ್ನುತ್ತಾರೆ ಯಜಮಾನರು.
ಫ್ರಾಂಕ್‌ಫರ್ಟಿನಿಂದ ತಾಯಿ

ಉತ್ತರ: ಬೇಡವೇ ಬೇಡ. ಹಗಲೆಲ್ಲ ಒಳ್ಳೆಯ ಜರ್ಮನ್ ಕೇಳಿ ಬರುವ ಮಗುವಿಗೆ ನಿಮ್ಮಿಬ್ಬರ ಅರೆಬೆಂದ ಜರ್ಮನ್ ಯಾಕೆ? ಅವನು ಜರ್ಮನ್ನಿನಲ್ಲಿ ಕೇಳಲಿ, ನೀವು ಕನ್ನಡದಲ್ಲೇ ಉತ್ತರಿಸಿ. ಗದರಬೇಡಿ, ಕನ್ನಡ ಬಿಡಲೂ ಬೇಡಿ. ಊರಿನ ಅಜ್ಜಿಯ ಜೊತೆ ವಿಡಿಯೊ ಕರೆಯಲ್ಲಿ ನಡುವೆ ನೀವು ದುಭಾಷಿಯಾಗಬೇಡಿ, ಎದ್ದು ಅಡುಗೆಮನೆಗೆ ಹೋಗಿ. ಅಜ್ಜಿಯಿಂದ ಕಥೆ ಬೇಕಾದರೆ ತಾನೇ ಬಾಯಿ ಬಿಡುತ್ತಾನೆ. ಉಚ್ಚಾರ ತಿದ್ದುವ ಉತ್ಸಾಹವಿದ್ದರೆ ಬೇಕರಿಗೆ ಕರೆದುಕೊಂಡು ಹೋಗಿ. ಅಲ್ಲಿ ನೀವೇ ಕೇಳಿ ಕೊಳ್ಳಿ, ಅವನು ಪಕ್ಕದಲ್ಲಿ ನಿಂತು ತಿದ್ದಲಿ. ಯಜಮಾನರನ್ನೂ ಜೊತೆಗೆ ಕರೆದೊಯ್ಯಿರಿ, ಅವರ ಉಚ್ಚಾರವನ್ನೂ ಮಗ ಒಮ್ಮೆ ಪರೀಕ್ಷಿಸಲಿ.